ಗಾಳಿಗಿಂತ ಮುಂಚೆ ಸುದ್ದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹತ್ತೊಂಬತ್ತನೇ ಶತಮಾನದಲ್ಲಿ ಕಡಲು ಪಾಲಾದ ಹಡಗುಗಳ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಹಡಗಿನ ಅಧಿಕಾರಿಗಳಾಗುವ ಹುಡುಗರಿಗೆ ಹವಾಮಾನದ ಪಾಠ ಹೇಳುವವನು ನಾನು. ಆ ನೂರು ವರ್ಷದಲ್ಲಿ ಮುಳುಗಿದ ಹಡಗುಗಳ ಹೆಸರು ಓದುತ್ತಾ ಕೂತರೆ ಇವತ್ತಲ್ಲ, ಈ ತಿಂಗಳು ಮುಗಿಯುವುದಿಲ್ಲ. ಹಾಗಾಗಿ ಒಂದೇ ಹಡಗು ತೆಗೆದುಕೊಳ್ಳುತ್ತೇನೆ. ಹೇಳುವುದೂ ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಗಾಳಿಗಿಂತ ಮುಂಚೆ ಗಾಳಿಯ ಸುದ್ದಿ ತಲುಪಬೇಕು. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ತದಡಿಯಲ್ಲಿ ಬಲೆ ರಿಪೇರಿ ಮಾಡುತ್ತಾ ಇದನ್ನು ಕೇಳುತ್ತಿರುವವರು ದಯವಿಟ್ಟು ರೇಡಿಯೋದ ಸದ್ದು ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.

ಹಡಗಿನ ಹೆಸರು ರಾಯಲ್ ಚಾರ್ಟರ್. ಕಬ್ಬಿಣದ ಮೈ, ಮೂರು ಕೂವೆಕಂಬ, ತುಂಬಾ ಹಾಯಿ. ಗಾಳಿ ಇಲ್ಲದ ದಿನಕ್ಕೆಂದು ಒಂದು ಚಿಕ್ಕ ಉಗಿ ಎಂಜಿನ್ನೂ ಇತ್ತು. ಇಂಗ್ಲೆಂಡಿನ ಲಿವರ್‌ಪೂಲಿಗೂ ಆಸ್ಟ್ರೇಲಿಯಾದ ಮೆಲ್ಬರ್ನಿಗೂ ಓಡಾಡುತ್ತಿತ್ತು. ಅರವತ್ತೇ ದಿನದಲ್ಲಿ ತಲುಪಿಸುತ್ತೇವೆ ಅಂತ ಕಂಪನಿಯವರ ಜಾಹೀರಾತು. ಆಗ ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿದ ಕಾಲ. ಗಣಿಯಲ್ಲಿ ದುಡಿದು ನಾಲ್ಕು ಕಾಸು ಮಾಡಿಕೊಂಡವರು ಹೆಂಡತಿ ಮಕ್ಕಳ ಜೊತೆ ಊರಿಗೆ ಮರಳುತ್ತಿದ್ದರು. ಕೆಲವರು ಚಿನ್ನವನ್ನು ಸೊಂಟದ ಪಟ್ಟಿಯೊಳಗೇ ಇಟ್ಟುಕೊಂಡಿದ್ದರು.

1859ರ ಆಗಸ್ಟ್ 26ಕ್ಕೆ ಮೆಲ್ಬರ್ನ್ ಬಿಟ್ಟ ಹಡಗು ಅಕ್ಟೋಬರ್ 24ಕ್ಕೆ ಐರ್ಲೆಂಡಿನ ಕ್ವೀನ್ಸ್‌ಟೌನ್ ಮುಟ್ಟಿತು. ಅರ್ಧ ಭೂಮಿ ಸುತ್ತಿ ಬಂದಾಗಿತ್ತು. ಲಿವರ್‌ಪೂಲ್ ಇನ್ನೊಂದು ದಿನದ ದಾರಿ. ಕ್ಯಾಪ್ಟನ್ ಥಾಮಸ್ ಟೇಲರ್ ಅನುಭವಸ್ಥ. ಮರುದಿನ ಮಧ್ಯಾಹ್ನ ಹಡಗು ವೇಲ್ಸ್ ದೇಶದ ಆಂಗಲ್ಸಿ ದ್ವೀಪದ ಪಕ್ಕ, ಹೋಲಿಹೆಡ್ ಬಂದರಿನ ಮುಂದೆಯೇ ಹಾದುಹೋಯಿತು. ಬೇಕಾಗಿದ್ದರೆ ಒಳಗೆ ನುಗ್ಗಿ ಲಂಗರು ಹಾಕಬಹುದಿತ್ತು. ಯಾಕೆ ಹಾಕಬೇಕು? ನಾಳೆ ಮನೆ ಸೇರುವುದು ಖಚಿತ ಅನ್ನಿಸಿದಾಗ ಯಾರು ನಿಲ್ಲುತ್ತಾರೆ?

ಈಗ ನಾನು ಹೇಳುವುದನ್ನು ಗಮನವಿಟ್ಟು ಕೇಳಿ. ಅದೇ ಮಧ್ಯಾಹ್ನ ಇಂಗ್ಲೆಂಡಿನ ದಕ್ಷಿಣ ತೀರದ ಪ್ಲಿಮತ್ ಕಡೆ ಬಿರುಗಾಳಿ ಆಗಲೇ ಬಡಿಯಲು ಶುರುವಾಗಿತ್ತು. ಅದು ಉತ್ತರಕ್ಕೆ, ಅಂದರೆ ನೇರವಾಗಿ ಈ ಹಡಗಿನ ಕಡೆಗೇ ಸಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಆ ಹೊತ್ತಿಗಾಗಲೇ ಟೆಲಿಗ್ರಾಫ್ ತಂತಿ ಇತ್ತು. ಎಷ್ಟೇ ಜೋರಿನ ಗಾಳಿಯಾದರೂ ತಂತಿಯ ವೇಗಕ್ಕೆ ಸಾಟಿಯಿಲ್ಲ. ಆದರೆ ಪ್ಲಿಮತ್‌ನಿಂದ ಹೋಲಿಹೆಡ್‌ಗೆ ‘ಬರ್ತಾ ಇದೆ, ಹುಷಾರು’ ಅಂತ ಒಂದು ಸಾಲು ಕಳಿಸುವ ಪದ್ಧತಿ ಇರಲಿಲ್ಲ. ಅಂಥ ಸುದ್ದಿ ಕಳಿಸುವುದು ತನ್ನ ಕೆಲಸ ಅಂತ ಯಾರೂ ತಿಳಿದುಕೊಂಡಿರಲಿಲ್ಲ. ಪಾಠ ಹೇಳುವಾಗ ಈ ಜಾಗಕ್ಕೆ ಬಂದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಸಂಜೆಗೆ ಗಾಳಿ ಏರಿತು. ಬಂದರಿಗೆ ದಾರಿ ತೋರುವ ಪೈಲಟ್ಟನ್ನು ಹತ್ತಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಗಾಳಿ ಪೂರ್ವದಿಂದ ಈಶಾನ್ಯಕ್ಕೆ ತಿರುಗಿ ಹಡಗನ್ನು ದಡದ ಕಡೆ ದಬ್ಬತೊಡಗಿತು. ಎಂಜಿನ್ ಪೂರ್ತಿ ಬಿಟ್ಟರೂ ಹಡಗು ಮುಂದಕ್ಕೆ ಹೋಗುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡೂ ಲಂಗರು ಇಳಿಸಿದರು. ಒಂದೂವರೆಗೆ ಒಂದು ಲಂಗರಿನ ಸರಪಳಿ ತುಂಡಾಯಿತು. ಇನ್ನೊಂದು ಗಂಟೆಗೆ ಎರಡನೆಯದೂ ಹೋಯಿತು. ಗಾಳಿ ಹಿಡಿಯುವುದು ಕಡಿಮೆಯಾಗಲಿ ಅಂತ ಕೂವೆಕಂಬಗಳನ್ನೇ ಕಡಿದು ಹಾಕಿದರು. ಹಡಗು ಮೊದಲು ಮರಳಿನ ಮೇಲೆ ಕೂತಿತು. ಬೆಳಗಿನ ಜಾವ ಭರತ ಏರಿದಾಗ ನೀರು ಅದನ್ನು ಎತ್ತಿ, ಮೊಯೆಲ್ವ್ರೆ ಅನ್ನುವ ಸಣ್ಣ ಹಳ್ಳಿಯ ಹತ್ತಿರ ಬಂಡೆಗಳ ಮೇಲೆ ಎಸೆಯಿತು.

ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಗ್ಯೂಸೆ ರುಗ್ಗಿಯೆರ್ ಅನ್ನುವ ಮಾಲ್ಟಾ ದೇಶದ ನಾವಿಕನೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆ ಅಲೆಗೆ ಹಾರಿದ. ಹೇಗೆ ಈಜಿದನೋ, ದಡ ಮುಟ್ಟಿದ. ಹಳ್ಳಿಯ 28 ಮಂದಿ ಕೈಗೆ ಕೈ ಬೆಸೆದು ಸರಪಳಿ ಮಾಡಿಕೊಂಡು ನೀರಿಗಿಳಿದು ನಿಂತಿದ್ದರು. ಅವನು ತಂದ ಹಗ್ಗದ ಮೇಲೆ ಒಬ್ಬೊಬ್ಬರನ್ನೇ ಎಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಹಡಗು ನಡುವೆ ಮುರಿದು ಎರಡಾಯಿತು. ಸುಮಾರು 450 ಜನ ಸತ್ತರು. ಉಳಿದವರು ಸುಮಾರು ನಲವತ್ತು ಮಂದಿ ಅಷ್ಟೇ. ಒಬ್ಬ ಹೆಂಗಸೂ ಉಳಿಯಲಿಲ್ಲ, ಒಂದು ಮಗುವೂ ಉಳಿಯಲಿಲ್ಲ. ಕ್ಯಾಪ್ಟನ್ನೂ ಹೋದ.

ಹತ್ತಿರದ ಲಾನಲ್‌ಗೊ ಎಂಬಲ್ಲಿ ಸ್ಟೀಫನ್ ರೂಸ್ ಹ್ಯೂಸ್ ಅಂತ ಒಬ್ಬ ಪಾದ್ರಿ. ತನ್ನ ಪುಟ್ಟ ಚರ್ಚಿನಲ್ಲೇ ಹೆಣಗಳನ್ನು ಸಾಲಾಗಿ ಮಲಗಿಸಿದ. ಗುರುತು ಹಿಡಿಯಲು ಬರುವ ಅಪ್ಪ ಅಮ್ಮಂದಿರನ್ನು ತಾನೇ ಒಳಗೆ ಕರೆದುಕೊಂಡು ಹೋಗುತ್ತಿದ್ದ. ಬರಲಾಗದವರಿಗೆ ಕಾಗದ ಬರೆದ. ಎಷ್ಟು ಅಂತೀರಿ? ಒಂದು ಸಾವಿರಕ್ಕೂ ಮೇಲೆ. ಅಂಗಿಯ ಗುರುತು, ಕೂದಲಿನ ಬಣ್ಣ, ಕೈಮೇಲಿನ ಹಚ್ಚೆ, ಎಲ್ಲವನ್ನೂ ನೋಡಿ ನೋಡಿ ಬರೆಯಬೇಕಲ್ಲ! ಮೂರು ವರ್ಷ ತುಂಬುವುದರೊಳಗೆ, 1862ರಲ್ಲಿ ಆತನೂ ತೀರಿಕೊಂಡ. ಗಾಳಿಯ ಸುದ್ದಿ ಹೊತ್ತ ಒಂದು ಸಾಲು ಹೋಗಬೇಕಾದ ಕಡೆ ಹೋಗಲಿಲ್ಲ. ಆಮೇಲೆ ಸಾವಿನ ಸುದ್ದಿ ಹೊತ್ತ ಸಾವಿರ ಕಾಗದ ಹೋದವು.

ಅದೇ ಬಿರುಗಾಳಿಗೆ ಬ್ರಿಟನ್ನಿನ ಸುತ್ತ ಒಟ್ಟು 133 ಹಡಗು ಮುಳುಗಿದವು. ಸುಮಾರು 800 ಜನ ಪ್ರಾಣ ಬಿಟ್ಟರು.

ರಾಬರ್ಟ್ ಫಿಟ್ಜ್‌ರಾಯ್ ಅಂತ ನೌಕಾಪಡೆಯ ಅಧಿಕಾರಿ. ಡಾರ್ವಿನ್ ಪ್ರಪಂಚ ಸುತ್ತಿದ ಬೀಗಲ್ ಹಡಗಿಗೆ ಇವರೇ ಕ್ಯಾಪ್ಟನ್. 1854ರಿಂದ ಬ್ರಿಟಿಷ್ ಸರ್ಕಾರದ ಹವಾಮಾನ ಕಚೇರಿ ಇವರ ಕೈಯಲ್ಲಿತ್ತು. ದೀಪಸ್ತಂಭಗಳಿಂದ, ಹಡಗುಗಳಿಂದ ಆ ರಾತ್ರಿಯ ಲೆಕ್ಕ ತರಿಸಿ ನಕ್ಷೆಯ ಮೇಲೆ ಇಟ್ಟು ನೋಡಿದರು. ಗಾಳಿ ಹೇಗೆ ನಡೆದುಬಂತು ಅನ್ನುವುದು ಸ್ಪಷ್ಟವಾಗಿ ಕಂಡಿತು. 1861ರ ಫೆಬ್ರವರಿಯಲ್ಲಿ ತಂತಿಯ ಮೂಲಕ ಬಂದರುಗಳಿಗೆ ಎಚ್ಚರಿಕೆ ಕಳಿಸುವುದು ಶುರು ಮಾಡಿಯೇಬಿಟ್ಟರು. ತಂತಿ ಬಂದ ಕೂಡಲೇ ಬಂದರಿನ ಕಂಬಕ್ಕೆ ಕಪ್ಪು ಕ್ಯಾನ್ವಾಸಿನ ಕೋನು ಏರಿಸಬೇಕು. ತುದಿ ಮೇಲಕ್ಕಿದ್ದರೆ ಉತ್ತರದ ಬಿರುಗಾಳಿ, ಕೆಳಕ್ಕಿದ್ದರೆ ದಕ್ಷಿಣದ್ದು. ಓದು ಬಾರದವನಿಗೂ ದೂರದಿಂದಲೇ ಗೊತ್ತಾಗುತ್ತಿತ್ತು. ರಾತ್ರಿಯಾದರೆ ಲಾಂದ್ರ.

ಎಲ್ಲ ಸಲವೂ ಸರಿಯಾಯಿತೇ? ಇಲ್ಲ. ಪತ್ರಿಕೆಗಳು ಹಂಗಿಸಿದವು, ವಿಜ್ಞಾನಿಗಳೂ ಹಂಗಿಸಿದರು. ಸಾಲ, ಅನಾರೋಗ್ಯ, ಅವಮಾನ ಎಲ್ಲ ಸೇರಿ 1865ರಲ್ಲಿ ಫಿಟ್ಜ್‌ರಾಯ್ ತಮ್ಮ ಜೀವ ತಾವೇ ತೆಗೆದುಕೊಂಡರು. ಮರುವರ್ಷ, ಇದು ಶಾಸ್ತ್ರಶುದ್ಧವಲ್ಲ ಅಂತ ಎಚ್ಚರಿಕೆಯನ್ನೇ ನಿಲ್ಲಿಸಿದರು. ಆಗ ಬೇಕೇ ಬೇಕು ಅಂತ ಎದ್ದು ನಿಂತವರು ಕಡಲಿಗಿಳಿಯುವ ಜನ. 1867ರಲ್ಲಿ ಮತ್ತೆ ಶುರುವಾಯಿತು.

‘ಹವಾಮಾನದವರು ಹೇಳಿದ್ದು ಯಾವತ್ತು ನಿಜವಾಗಿದೆ ಸ್ವಾಮಿ’ ಅಂತ ನನ್ನನ್ನು ಕೇಳುವವರು ಬಹಳ. ಎಚ್ಚರಿಕೆ ಸುಳ್ಳಾದರೆ ನಿಮಗೆ ಒಂದು ದಿನದ ಮೀನು ನಷ್ಟ. ಎಚ್ಚರಿಕೆಯೇ ಬರದಿದ್ದರೆ ಏನಾಗುತ್ತದೆ ಅಂತ ಈಗಷ್ಟೇ ಹೇಳಿದೆ.

ಸಮಯ ಓಡುತ್ತಿದೆ, ನಮ್ಮ ದೇಶದ್ದು ಚುಟುಕಾಗಿ ಹೇಳಿಬಿಡುತ್ತೇನೆ. 1864ರ ಕಲ್ಕತ್ತಾ ಚಂಡಮಾರುತದಲ್ಲಿ ಹತ್ತಾರು ಸಾವಿರ ಜನ ಸತ್ತ ಮೇಲೆ ಅಲ್ಲಿಯ ಬಂದರಿಗೆ ಎಚ್ಚರಿಕೆಯ ವ್ಯವಸ್ಥೆ ಬಂತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ಆದರೂ 1887ರಲ್ಲಿ ಪುರಿ ಯಾತ್ರಿಕರನ್ನು ಹೊತ್ತ ಸರ್ ಜಾನ್ ಲಾರೆನ್ಸ್ ಎಂಬ ಉಗಿಹಡಗು ಬಂಗಾಳ ಕೊಲ್ಲಿಯಲ್ಲಿ ಮುಳುಗಿಹೋಯಿತು. ಅದರಲ್ಲಿ ಹೆಚ್ಚಿನವರು ಹೆಂಗಸರು. ಮರುವರ್ಷ ಕಛ್‌ನ ಮಾಂಡ್ವಿಯಿಂದ ಮುಂಬೈಗೆ ಹೊರಟ ವೈತರಣಾ ಎಂಬ ಹಡಗು ನಮ್ಮ ಇದೇ ಅರಬ್ಬೀ ಸಮುದ್ರದಲ್ಲಿ 700ಕ್ಕೂ ಹೆಚ್ಚು ಜನರ ಸಮೇತ ಕಾಣೆಯಾಯಿತು. ಇವೆರಡರ ಬಗ್ಗೆ ಹೇಳಬೇಕಾದದ್ದು ಬಹಳ ಇತ್ತು.

ಕಾರವಾರದಲ್ಲಿ, ಮಂಗಳೂರಿನಲ್ಲಿ ಮೂರನೇ ನಂಬರಿನ ಸಿಗ್ನಲ್ ಹಾಕಿದ್ದಾರೆ ಅಂತ ಕೇಳುತ್ತೀರಲ್ಲ, ಅದರ ಮೂಲ ಆ ಕಪ್ಪು ಕೋನು. ಈಗ ಮೊಬೈಲಿಗೆ ಸುದ್ದಿ ಬರುತ್ತದೆ, ವೈರ್‌ಲೆಸ್ಸಿಗೆ ಬರುತ್ತದೆ. ಆದರೆ ಹತ್ತು ದಿನಕ್ಕೆಂದು ಆಳಸಮುದ್ರಕ್ಕೆ ಹೋದ ಬೋಟಿಗೆ ಮೊಬೈಲ್ ಸಿಗ್ನಲ್ ಎಲ್ಲಿಂದ ಬರಬೇಕು? 2017ರಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ಕನ್ಯಾಕುಮಾರಿಯ ಎಷ್ಟೋ ಬೋಟುಗಳು ಆಗಲೇ ದೂರ ಹೋಗಿಬಿಟ್ಟಿದ್ದವು, ಅವರಿಗೆ ಸುದ್ದಿ ಮುಟ್ಟಲಿಲ್ಲ. ಹಾಗೆ ದೂರ ಹೋದವರಿಗೆಂದೇ ಉಪಗ್ರಹದಿಂದ ನೇರವಾಗಿ ಎಚ್ಚರಿಕೆ ಹಿಡಿಯುವ ಸಾಧನಗಳು ಬಂದಿವೆ. ಮನೆಯಲ್ಲಿರುವ ತಾಯಂದಿರೇ, ಈ ಸಲ ನಿಮ್ಮ ಬೋಟು ಹೊರಡುವಾಗ ಅದನ್ನು ನಡೆಸುವ ತಂಡೇಲರನ್ನು ಕೇಳಿ: ಅಂಥ ಸಾಧನ ಬೋಟಿನಲ್ಲಿ ಇದೆಯಾ, ಚಾರ್ಜ್ ಇದೆಯಾ, ಆನ್ ಮಾಡಿದ್ದೀರಾ? ಇಲ್ಲ ಅಂದರೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಲು ಹೇಳಿ. ಐಸು, ಡೀಸೆಲ್ಲು ತುಂಬಿಸುವ ಮುಂಚೆ ಇದಾಗಲಿ.

ನಮಸ್ಕಾರ.