ಕಂಬ ನೆಲಕ್ಕಿಳಿಯದ ಮನೆ

ಎಲ್ಲರಿಗೂ ನಮಸ್ಕಾರ. ಫಿಲಿಪ್ಪೀನ್ಸ್ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಮನಿಲಾ ಮತ್ತು ಸ್ಪೇನಿನವರ ಕಾಲದ ಕಲ್ಲಿನ ಚರ್ಚುಗಳು. ಇವತ್ತು ನಾವು ಅಲ್ಲಿಂದ ದಕ್ಷಿಣಕ್ಕೆ ಹೋಗೋಣ. ಮಿಂಡನಾವೊ ದ್ವೀಪ, ಅದರಾಚೆಗೆ ಸುಲು, ತಾವಿತಾವಿ. ಸ್ಪೇನಿನವರ ಹಿಡಿತ ಇಲ್ಲಿ ಕೊನೆಯವರೆಗೂ ಗಟ್ಟಿಯಾಗಲಿಲ್ಲ. ಸುಲ್ತಾನರೇ ಆಳಿದರು. ಅವರು ಕಟ್ಟಿಸಿದ್ದು ಮರದಲ್ಲಿ.

ಲಾನಾವೊ ಸರೋವರದ ಸುತ್ತ ಮರನಾವೊ ಜನರಿದ್ದಾರೆ. ಅವರ ಸುಲ್ತಾನರ ಮನೆಗೆ ತೊರೊಗನ್ ಎನ್ನುತ್ತಾರೆ. ಮೊದಲು ಕಂಬ ನೋಡಿ. ಇಡೀ ಮರದ ಬೊಡ್ಡೆಯೇ ಕಂಬ. ಅದನ್ನು ನೆಲದಲ್ಲಿ ಹೂಳುವುದಿಲ್ಲ, ದೊಡ್ಡ ಬಂಡೆಗಳ ಮೇಲೆ ಸುಮ್ನೆ ನಿಲ್ಲಿಸುತ್ತಾರೆ. ನೆಲದ ತೇವ ಮರಕ್ಕೆ ತಾಗುವುದಿಲ್ಲ. ಭೂಮಿ ನಡುಗಿದರೆ ಕಂಬ ಮುರಿಯುವ ಬದಲು ಬಂಡೆಯ ಮೇಲೆ ಅಲ್ಲಾಡುತ್ತದೆ. ಮರಾಂತಾವೊ ಊರಿನ ಕವಾಯನ್ ತೊರೊಗನ್ ಕಟ್ಟಿದ್ದು 1917ರಲ್ಲಿ. 1955ರ ಏಪ್ರಿಲ್‌ನಲ್ಲಿ ಲಾನಾವೊಗೆ ಬಡಿದ ದೊಡ್ಡ ಭೂಕಂಪವನ್ನೂ ಅದು ಕಂಡಿದೆ.

ಈಗ ತಲೆ ಎತ್ತಿ. ಅಟ್ಟಣೆಯ ತೊಲೆಗಳ ತುದಿ ಗೋಡೆ ದಾಟಿ ರೆಕ್ಕೆಯ ಹಾಗೆ ಹೊರಗೆ ಚಾಚಿಕೊಂಡಿರುತ್ತದೆ. ಅದೇ ಪನೊಲೊಂಗ್. ಸುರುಳಿ ಬಿಚ್ಚುವ ಜರೀಗಿಡದ ಚಿಗುರು ಅಥವಾ ನಾಗನನ್ನು ಅದರ ಮೇಲೆ ಆಳವಾಗಿ ಕೆತ್ತಿ ಬಣ್ಣ ಹಚ್ಚುತ್ತಾರೆ. ಈ ಕೆತ್ತನೆಯ ಶೈಲಿಗೆ ಒಕಿರ್ ಎಂದು ಹೆಸರು. ದುಡ್ಡಿದ್ದ ಮಾತ್ರಕ್ಕೆ ಯಾರೂ ಇದನ್ನು ಮಾಡಿಸುವಂತಿರಲಿಲ್ಲ. ಪನೊಲೊಂಗ್ ಇದ್ದರೆ ಅದು ದೊರೆಮನೆ ಎಂದೇ ಅರ್ಥ. ಒಳಗೆ ಮಾತ್ರ ಗೋಡೆಗಳಿಲ್ಲದ ಒಂದೇ ದೊಡ್ಡ ಹಜಾರ. ಪಂಚಾಯ್ತಿ, ಮದುವೆ, ನೆಂಟರ ಊಟ, ನಿದ್ದೆ ಎಲ್ಲ ಅಲ್ಲೇ.

ಇಂಥ ಮನೆ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಮರ ಕಡಿಯಲು, ಎಳೆದು ತರಲು, ಎತ್ತಿ ನಿಲ್ಲಿಸಲು ಊರೇ ಸೇರಬೇಕು. ಸುಲ್ತಾನರ ಅಧಿಕಾರ ಕರಗಿದ ಮೇಲೆ ಕರೆದರೆ ಬರುವವರು ಯಾರು? ಗೆದ್ದಲು ಅಂತೂ ಕಾಯುವುದಿಲ್ಲ, ಅಲ್ವಾ? ಮಳೆ, ಗೆದ್ದಲಿಗಿಂತ ಈ ಬದಲಾವಣೆಯೇ ತೊರೊಗನ್‌ಗಳನ್ನು ಕೆಡವಿತು ಎಂದು ನನ್ನ ಅನಿಸಿಕೆ. ಕವಾಯನ್ ತೊರೊಗನ್ ಅನ್ನು 2008ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ನಿಧಿ ಎಂದು ಘೋಷಿಸಿದರು. ಒಳ್ಳೆಯದೇ. ಆದರೆ ಘೋಷಣೆ ಸೂರಿನ ಸೋರಿಕೆ ನಿಲ್ಲಿಸುವುದಿಲ್ಲ.

ಮಸೀದಿಗಳೂ ಇದೇ ಬಡಗಿಗಳ ಲೋಕದವು. ಇವತ್ತು ಅಲ್ಲಿ ಕಾಣುವ ಗುಮ್ಮಟಗಳೆಲ್ಲ ಈಚಿನವು. ಹಜ್‌ಗೆ ಹೋಗಿಬಂದವರು ಜಾಸ್ತಿಯಾದರು, ಸಿಮೆಂಟು ಬಂತು, ಗುಮ್ಮಟವೂ ಬಂತು. ಹಳೆಯ ಮಸೀದಿಗಳಿಗೆ ಇದ್ದದ್ದು ಒಂದರ ಮೇಲೊಂದು ಕಿರಿದಾಗುತ್ತ ಹೋಗುವ ಇಳಿಜಾರು ಮಾಡು. ಜಾವಾದ ದೆಮಾಕ್ ಮಸೀದಿಯದೂ ಇದೇ ಬಗೆ. ಪ್ರಾರ್ಥನೆಗೆ ಕರೆಯಲು ನಗಾರಿ ಬಾರಿಸುತ್ತಿದ್ದರು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯೊಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡಿದವರಿಗೆ ಮರದ ಮಸೀದಿ ವಿಚಿತ್ರ ಅನಿಸಲಾರದು.

ತಾವಿತಾವಿಯ ಸಿಮುನುಲ್ ದ್ವೀಪದಲ್ಲಿ ಶೇಖ್ ಕರಿಮುಲ್ ಮಖ್ದೂಮ್ ಮಸೀದಿ ಇದೆ. ಅದು 1380ರಲ್ಲಿ ಶುರುವಾಯಿತು ಎನ್ನುತ್ತಾರೆ. ದೇಶದ ಅತಿ ಹಳೆಯ ಮಸೀದಿ ಎಂಬ ಹೆಸರು ಅದಕ್ಕೆ. ಕಟ್ಟಡ ಮಾತ್ರ ಹೊಸದು. ಹಳೆಯದರಲ್ಲಿ ಉಳಿದಿರುವುದು ನಾಲ್ಕು ಮರದ ಕಂಬಗಳು. ಅವನ್ನು ಮುಟ್ಟದೆ ಸುತ್ತಲೂ ಮತ್ತೆ ಕಟ್ಟಿದ್ದಾರೆ. ಇದನ್ನು ಹಳೆಯ ಮಸೀದಿ ಅನ್ನಬೇಕೋ ಹೊಸದು ಅನ್ನಬೇಕೋ ಎಂದು ಪರಿಣತರು ಜಗಳವಾಡಬಹುದು. ನನಗೆ ಅದು ಹಳೆಯದೇ. ಊರಿನವರು ಅಲ್ಲಿ ಇವತ್ತೂ ನಮಾಜು ಮಾಡುತ್ತಾರೆ.