ಸಿಟ್ಟಿಗೆ ಐದು ಅಂಕ

[ಸ್ಕ್ರೀನ್ ತುಂಬಾ ಒಂದೇ ಇಮೋಜಿ: ಸಿಟ್ಟಿನ ಮುಖ]

ನಮಸ್ಕಾರ. ಈ ಮುಖ ನೋಡಿ. ಹುಬ್ಬು ಗಂಟು ಹಾಕಿಕೊಂಡು ಕೆಂಪಗಾಗಿದೆ. ಫೇಸ್‌ಬುಕ್‌ನಲ್ಲಿ ಯಾವುದೋ ಸುಳ್ಳು ಸುದ್ದಿ ಕಂಡು ನಿಮ್ಮ ಮೈ ಉರಿಯಿತು ಅಂದುಕೊಳ್ಳಿ. ಇದನ್ನು ಒತ್ತುತ್ತೀರಿ. ಛೀಮಾರಿ ಹಾಕಿದೆ ಅನ್ನೋದು ನಿಮ್ಮ ಲೆಕ್ಕ. ಕಂಪನಿಯ ಲೆಕ್ಕವೇ ಬೇರೆ ಇತ್ತು.

ಈ ಇಮೋಜಿಗಳು ಬಂದದ್ದು 2016ರಲ್ಲಿ. 2017ರಿಂದ ಒಂದು ಲೈಕ್‌ಗೆ ಒಂದು ಅಂಕವಾದರೆ ಒಂದು ಇಮೋಜಿಗೆ ಐದು. ಹೃದಯಕ್ಕೂ ಐದೇ, ಸಿಟ್ಟಿಗೂ ಐದೇ. ಅಂಕ ಜಾಸ್ತಿ ಬಂದ ಪೋಸ್ಟ್ ಜಾಸ್ತಿ ಜನರ ಫೀಡ್‌ಗೆ, ಅಂದರೆ ಫೇಸ್‌ಬುಕ್ ತೆರೆದಾಗ ಕಾಣುವ ಪೋಸ್ಟ್‌ಗಳ ಸಾಲಿಗೆ, ಹೋಗುತ್ತದೆ. ನೀವು ಉಗಿದ ಸುದ್ದಿಯನ್ನು ನೀವೇ ಹೊತ್ತು ಹತ್ತು ಮನೆಗೆ ಮುಟ್ಟಿಸಿದ ಹಾಗಾಯಿತು, ಅಲ್ವಾ?

[ಸ್ಕ್ರೀನ್: 1 ಲೈಕ್ = 1, 1 ಸಿಟ್ಟು = 5]

ಯಾಕೆ ಹೀಗೆ? ಸಿಟ್ಟು ಬಂದವರು ಫೋನ್ ಕೆಳಗಿಡುವುದಿಲ್ಲ. ಕಮೆಂಟ್ ಹಾಕುತ್ತಾರೆ, ಉತ್ತರ ಬಂತಾ ಅಂತ ಮತ್ತೆ ಬಂದು ನೋಡುತ್ತಾರೆ. ಅಷ್ಟರಲ್ಲಿ ಇನ್ನೆರಡು ಜಾಹೀರಾತು ಕಣ್ಣ ಮುಂದೆ ಹಾದುಹೋಗಿರುತ್ತವೆ. 2023ರಲ್ಲಿ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಗೆ ಬಂದ ವರಮಾನ ಸುಮಾರು 13,500 ಕೋಟಿ ಡಾಲರ್. ಅದರಲ್ಲಿ 13,000 ಕೋಟಿಗಿಂತ ಜಾಸ್ತಿ ಜಾಹೀರಾತಿನದೇ.

2018ರಲ್ಲಿ ಫೀಡ್‌ನ ಲೆಕ್ಕ ಮತ್ತೆ ಬದಲಾಯಿತು. ಕಮೆಂಟ್‌ಗೆ, ಶೇರ್‌ಗೆ ತೂಕ ಏರಿತು. ಜನ ಹತ್ತಿರವಾಗಲಿ ಅಂತ ಮಾಡಿದ್ದು ಎಂದಿತು ಕಂಪನಿ. ಇದರ ಮರ್ಮ ಬೇಗ ಹಿಡಿದವರು ರಾಜಕೀಯ ಪಕ್ಷಗಳು. ಪೋಲೆಂಡಿನ ಒಂದು ಪಕ್ಷದವರು ಕಂಪನಿಗೇ ಹೇಳಿದ್ದರು: ಮೊದಲು ನಮ್ಮ ಪೋಸ್ಟ್‌ಗಳಲ್ಲಿ ಅರ್ಧ ಒಳ್ಳೆಯ ಮಾತು, ಅರ್ಧ ಬೈಗುಳ ಇರುತ್ತಿತ್ತು, ಈಗ ನೂರಕ್ಕೆ 80 ಬೈಗುಳವೇ. ಹೆಮ್ಮೆಯಿಂದಲ್ಲ, ದೂರಿನ ಹಾಗೆ ಹೇಳಿದ್ದು.

ಅಂಕಗಳ ಈ ಲೆಕ್ಕ, ಪೋಲೆಂಡಿನವರ ಈ ದೂರು ನಮಗೆ ಗೊತ್ತಾದದ್ದು 2021ರಲ್ಲಿ, ಫೇಸ್‌ಬುಕ್‌ನಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ ಒಳಗಿನ ಕಡತಗಳನ್ನು ಹೊರಗೆ ತಂದಾಗ.

[ಸ್ಕ್ರೀನ್: ಮ್ಯಾನ್ಮಾರ್ ನಕ್ಷೆ]

ಇದು ಬರೀ ಬೈದಾಟದ ಮಾತಲ್ಲ. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಮುಸ್ಲಿಮರ ಮೇಲಿನ ದ್ವೇಷ ವರ್ಷಗಟ್ಟಲೆ ಫೇಸ್‌ಬುಕ್‌ನಲ್ಲಿ ಹರಿದಾಡಿತು. 2015ರ ಆರಂಭದಲ್ಲಿ ಅಂಥ ಪೋಸ್ಟ್‌ಗಳನ್ನು ಪರಿಶೀಲಿಸಲು ಬರ್ಮೀ ಭಾಷೆ ಬಲ್ಲವರು ಕಂಪನಿಯಲ್ಲಿ ಇದ್ದದ್ದು ಇಬ್ಬರೇ. ಲಕ್ಷಾಂತರ ಜನ ಬಳಸುವ ಜಾಗಕ್ಕೆ ಇಬ್ಬರು! 2017ರಲ್ಲಿ ಸೇನೆಯ ದಾಳಿಗೆ ಹೆದರಿ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಹೋದರು. ಫೇಸ್‌ಬುಕ್ ಬಳಸಿ ದ್ವೇಷ ಹಬ್ಬಿಸುವುದನ್ನು ತಡೆಯಲು ನಾವು ಮಾಡಿದ್ದು ಸಾಲದು ಅಂತ ಕಂಪನಿ ಒಪ್ಪಿಕೊಂಡದ್ದು 2018ರ ನವೆಂಬರಿನಲ್ಲಿ.

ಮತ್ತೆ ಆ ಕೆಂಪು ಮುಖಕ್ಕೆ ಬರೋಣ. ಸಿಟ್ಟಿನ ಇಮೋಜಿ ಜಾಸ್ತಿ ಬಿದ್ದ ಪೋಸ್ಟ್‌ಗಳಲ್ಲೇ ಸುಳ್ಳು, ವಿಷ ಜಾಸ್ತಿ ಅಂತ ಕಂಪನಿಯದೇ ತಜ್ಞರು 2019ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕೊನೆಗೆ 2020ರ ಸೆಪ್ಟೆಂಬರಿನಲ್ಲಿ ಅದರ ಅಂಕ ಸೊನ್ನೆಯಾಯಿತು. ಏನಾಯಿತು ಗೊತ್ತಾ? ಫೀಡ್‌ನಲ್ಲಿ ಸುಳ್ಳು ಸುದ್ದಿ ಕಡಿಮೆಯಾಯಿತು. ಜನ ಫೇಸ್‌ಬುಕ್ ಬಳಸುವುದೇನೂ ಕಡಿಮೆಯಾಗಲಿಲ್ಲ.

[ಸ್ಕ್ರೀನ್: 1 ಸಿಟ್ಟು = 0]

ಈಗ ನಾನು ರೂಢಿಯಂತೆ 'ಲೈಕ್ ಮಾಡಿ, ಕಮೆಂಟ್ ಹಾಕಿ' ಅನ್ನಬೇಕು. ಈ ವಿಡಿಯೋಗೂ ಎಲ್ಲೋ ಒಂದು ಕಡೆ ಅಂಕ ಬೀಳುತ್ತಿದೆ. ಯಾವುದಕ್ಕೆ ಎಷ್ಟು ಅಂತ ನನಗೆ ಯಾರೂ ಹೇಳಿಲ್ಲ.