ಎಸ್‌ಎಂಪಿಎಸ್ ಬದಲಿಸ್ತೀರಾ? ಮೊದಲು 12 ವೋಲ್ಟ್ ಲೆಕ್ಕ ನೋಡಿ

[ದೃಶ್ಯ: ಮೇಜಿನ ಮೇಲೆ ಎರಡು ಎಸ್‌ಎಂಪಿಎಸ್. ಎರಡರ ಮೇಲೂ ದಪ್ಪ ಅಂಕಿಯಲ್ಲಿ 450.]

ನಮಸ್ಕಾರ. ಇವೆರಡೂ ಎಸ್‌ಎಂಪಿಎಸ್, ಅಂದ್ರೆ ಗೋಡೆಯ ಕರೆಂಟನ್ನ ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಹಂಚೋ ಡಬ್ಬ; ಎರಡರ ಮೇಲೂ 450 ಅಂತ ಬರೆದಿದೆ. ಈ ಕಡೆಯದು ಕ್ಯಾಬಿನೆಟ್ ಜೊತೆಗೇ ಬಂದಿದ್ದು, ಬೆರಳ ತುದಿಯಲ್ಲಿ ಎತ್ತಬಹುದು, ಅಷ್ಟು ಹಗುರ. ಆ ಕಡೆಯದನ್ನ ಎತ್ತೋಕೆ ಕೈ ಪೂರ್ತಿ ಬೇಕು. ಈಗ ಎರಡನ್ನೂ ಮಗ್ಗುಲಿಗೆ ಹೊರಳಿಸಿ ಲೇಬಲ್ ಓದೋಣ.

[ಕ್ಲೋಸಪ್: ಹಗುರವಾದದ್ದರ ಲೇಬಲ್. ಬೆರಳು +12ವಿ ಕಾಲಂ ಮೇಲೆ.]

ಇಲ್ಲಿ +12ವಿ ಅನ್ನೋ ಕಾಲಂ ಕೆಳಗೆ 14ಎ, ಅಂದ್ರೆ 14 ಆಂಪ್ ಅಂತಿದೆ. ಹನ್ನೆರಡು ಇಂಟು ಹದಿನಾಲ್ಕು, 168 ವ್ಯಾಟ್. ಇನ್ನೊಂದರಲ್ಲಿ ಅದೇ ಕಾಲಂ ಕೆಳಗೆ 36ಎ ಇದೆ, ಅಂದ್ರೆ 432 ವ್ಯಾಟ್. ಹೆಸರು ಒಂದೇ, ಒಳಗಿನ ಶಕ್ತಿ ಮಾತ್ರ ಎರಡೂವರೆ ಪಟ್ಟು ಬೇರೆ. ಹಗುರವಾದದ್ದನ್ನ ಇನ್ನೊಮ್ಮೆ ನೋಡಿ, 450ರ ಮುಂದೆ ‘ವ್ಯಾಟ್’ ಅಂತ ಎಲ್ಲೂ ಬರೆದಿಲ್ಲ. ಅದು ಮಾಡೆಲ್ ಹೆಸರು, ಅಷ್ಟೇ.

12 ವೋಲ್ಟೇ ಯಾಕೆ ಮುಖ್ಯ? ಪೆಂಟಿಯಂ 3 ಕಾಲದವರೆಗೆ ಪ್ರೊಸೆಸರ್‌ಗೆ ಕರೆಂಟ್ ಹೆಚ್ಚಾಗಿ 5 ವೋಲ್ಟ್ ಲೈನಿಂದ ಹೋಗ್ತಿತ್ತು. 2000ದಲ್ಲಿ ಪೆಂಟಿಯಂ 4 ಬಂದಾಗ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್‌ಗೇ ಅಂತ ನಾಲ್ಕು ಪಿನ್ನಿನ 12 ವೋಲ್ಟ್ ಸಾಕೆಟ್ ಕೂಡ ಬಂತು. ಇವತ್ತು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಪಾಲನ್ನ ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟಿಂದಲೇ ತಗೊಳ್ತವೆ. 5 ಮತ್ತು 3.3 ವೋಲ್ಟ್ ಮೇಲೆ ಉಳಿಯೋದು ಎಸ್‌ಎಸ್‌ಡಿ, ಯುಎಸ್‌ಬಿ, ಇಂಥ ಚಿಲ್ಲರೆ ಲೋಡ್ ಮಾತ್ರ. ಹಾಗಾಗಿ 5 ವೋಲ್ಟಿಗೆ 25 ಆಂಪ್ ಬರೆದು 12 ವೋಲ್ಟಿಗೆ 14 ಆಂಪ್ ಕೊಟ್ಟಿದ್ರೆ, ಅದು ಇಪ್ಪತ್ತು ವರ್ಷ ಹಿಂದಿನ ಕಂಪ್ಯೂಟರ್‌ಗೆ ಹೊಂದೋ ವಿನ್ಯಾಸ.

[ದೃಶ್ಯ: ತೆರೆದ ಕ್ಯಾಬಿನೆಟ್, ಮಲ್ಟಿಮೀಟರ್.]

ಹೊಸದು ತಗೊಳ್ಳೋ ಮುಂಚೆ ಹಳೆಯದೇ ಕೆಟ್ಟಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಗೇಮ್ ಶುರು ಮಾಡಿದ ಕೂಡಲೇ ಸಿಸ್ಟಂ ರೀಸ್ಟಾರ್ಟ್ ಆಗೋದು, ಬೆಳಗ್ಗೆ ನಾಲ್ಕೈದು ಸಲ ಬಟನ್ ಒತ್ತಿದ ಮೇಲೆ ಆನ್ ಆಗೋದು, ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾದಾಗ ಆಫ್ ಆಗಿಬಿಡೋದು, ಇವು ಎಸ್‌ಎಂಪಿಎಸ್ ಕಡೆ ಬೊಟ್ಟು ಮಾಡೋ ಲಕ್ಷಣ. ಆದ್ರೆ ಸಡಿಲ ಪವರ್ ಕೇಬಲ್, ಸರಿಯಾಗಿ ಕೂರದ ರ‍್ಯಾಮ್, ಬಿಸಿಯಾಗ್ತಿರೋ ಪ್ರೊಸೆಸರ್ ಕೂಡ ಇದೇ ಥರ ಕಾಟ ಕೊಡ್ತವೆ. ಪವರ್ ಕೇಬಲ್ ಬದಲಿಸಿ, ರ‍್ಯಾಮ್ ತೆಗೆದು ಮತ್ತೆ ಕೂರಿಸಿ ನೋಡಿ. ಅದಾದ ಮೇಲೂ ಹಾಗೇ ಇದ್ರೆ ಮಲ್ಟಿಮೀಟರ್ ಹಿಡಿಯಿರಿ.

ಎಸ್‌ಎಂಪಿಎಸ್ ಪ್ಲಗ್ ಕಿತ್ತು, ಅದರ ಎಲ್ಲಾ ಕೇಬಲ್‌ಗಳನ್ನೂ ಬೋರ್ಡಿಂದ ಬಿಚ್ಚಿ. ಲೋಡ್ ಇರಲಿ ಅಂತ ಮೊಲೆಕ್ಸ್ ಅನ್ನೋ ನಾಲ್ಕು ಪಿನ್ನಿನ ಹಳೆ ಥರದ ಕನೆಕ್ಟರ್‌ಗೆ ಒಂದು ಕ್ಯಾಬಿನೆಟ್ ಫ್ಯಾನ್ ಸಿಕ್ಕಿಸಿ. ಈಗ 24 ಪಿನ್ ಕನೆಕ್ಟರ್‌ನಲ್ಲಿ ಹಸಿರು ವೈರ್ ಒಂದೇ ಒಂದು ಇರುತ್ತೆ. ಅದಕ್ಕೂ ಪಕ್ಕದ ಕಪ್ಪು ವೈರ್‌ಗೂ ಒಂದು ಪೇಪರ್ ಕ್ಲಿಪ್ ಬಗ್ಗಿಸಿ ಸೇರಿಸಿ, ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿ. ಎಲ್ಲಾ ವೈರೂ ಕಪ್ಪೇ ಇರೋ ಮಾಡೆಲ್ ಆದ್ರೆ ಪಿನ್ ನಂಬರ್ 16ನ್ನ ಎಣಿಸಿ ಹುಡುಕಬೇಕು. ಫ್ಯಾನ್ ತಿರುಗಿದ್ರೆ ಹಳದಿ ವೈರ್‌ನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ವೋಲ್ಟ್ ಒಳಗೆ ಇರಬೇಕು. ನೇರಳೆ ವೈರ್ ಸ್ಟ್ಯಾಂಡ್‌ಬೈದು. ಪ್ಲಗ್ ಹಾಕಿದ್ರೆ ಸಾಕು, ಕ್ಲಿಪ್ ಇಲ್ಲದೆಯೂ ಅಲ್ಲಿ 5 ವೋಲ್ಟ್ ಸಿಗಬೇಕು. ಅದು ಸತ್ತಿದ್ರೆ ಪವರ್ ಬಟನ್ ಎಷ್ಟು ಒತ್ತಿದ್ರೂ ಏನೂ ಆಗಲ್ಲ.

ಈ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಒಂದು ಫ್ಯಾನ್ ಎಳೆಯೋದು ಎರಡು ಮೂರು ವ್ಯಾಟ್. ಅಸಲಿ ಪರೀಕ್ಷೆ ಕಂಪ್ಯೂಟರ್ ಜೋಡಿಸಿದ ಮೇಲೆ. ಖಾಲಿ ಇರೋ ಮೊಲೆಕ್ಸ್‌ನಲ್ಲಿ ಕಪ್ಪಿಗೆ ಕಪ್ಪು ಪ್ರೋಬ್, ಹಳದಿಗೆ ಕೆಂಪು ಪ್ರೋಬ್ ಇಟ್ಟು, ಭಾರಿ ಗೇಮ್ ಓಡ್ತಿರುವಾಗ ಮೀಟರ್ ನೋಡಿ. 12.1 ಇದ್ದದ್ದು 11.3ಕ್ಕೆ ಜಾರಿದ್ರೆ ಉತ್ತರ ಸಿಕ್ಕಿತು.

[ತೆರೆಯ ಮೇಲೆ ದಪ್ಪಕ್ಷರ: ಎಸ್‌ಎಂಪಿಎಸ್ ಡಬ್ಬ ಬಿಚ್ಚಬೇಡಿ.]

ಒಂದು ಮಾತು ಕಡ್ಡಾಯ. ಡಬ್ಬದ ಮುಚ್ಚಳ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚು ತುಂಬಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಜೀವಕ್ಕೆ ಅಪಾಯ. ಹಲ್ಲಿಯೋ ಜಿರಳೆಯೋ ಒಳಗೆ ಹೋಗಿ ಸುಟ್ಟ ವಾಸನೆ ಬಂದಿದ್ರೂ ಅಷ್ಟೇ, ರಿಪೇರಿ ಗೊತ್ತಿರೋರ ಕೈಗೆ ಕೊಡಿ ಅಥವಾ ಬದಲಿಸಿಬಿಡಿ.

ಈಗ ಎಷ್ಟು ವ್ಯಾಟ್ ಬೇಕು ಅನ್ನೋದು. ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಕಾರ್ಡ್ ಇರೋ ಒಂದು ಸಿಸ್ಟಂ ತಗೊಳ್ಳೋಣ. ಪ್ರೊಸೆಸರ್ ಮೇಲೆ 65 ವ್ಯಾಟ್ ಅಂತ ಬರೆದಿದ್ರೂ ಟರ್ಬೋದಲ್ಲಿ, ಅಂದ್ರೆ ವೇಗ ಏರಿಸಿಕೊಂಡಾಗ, ಅದು 117ರ ತನಕ ಹೋಗುತ್ತೆ, ಇಂಟೆಲ್‌ನವರೇ ಕೊಟ್ಟಿರೋ ಲೆಕ್ಕ ಅದು. ಕಾರ್ಡ್ 170. ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಎಲ್ಲಾ ಸೇರಿ 50 ಹಿಡಿಯಿರಿ. ಒಟ್ಟು 337. ಆದ್ರೆ ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು ತಮ್ಮ ಮಿತಿ ಮೀರಿ ಎಳೀತವೆ. ಅದಕ್ಕೇ ಎನ್‌ವಿಡಿಯಾ ಈ ಕಾರ್ಡ್‌ಗೆ 550 ವ್ಯಾಟ್ ಶಿಫಾರಸು ಮಾಡಿರೋದು. ಒಳ್ಳೆ 550 ತಗೊಂಡ್ರೆ ಇಲ್ಲಿಗೆ ಸಾಕು.

ಬೇರೆ ಕಾರ್ಡ್ ಇಲ್ಲದ, ಟ್ಯಾಲಿ, ಬ್ರೌಸರ್, ಪಾಠದ ವಿಡಿಯೋ ಇಷ್ಟೇ ಕೆಲಸದ ಕಂಪ್ಯೂಟರ್‌ಗೆ? ಐ3-12100 ತುತ್ತತುದಿಗೆ 89 ವ್ಯಾಟ್. ಎಲ್ಲಾ ಸೇರಿದ್ರೂ 150 ದಾಟಲ್ಲ. ಪ್ರಾಮಾಣಿಕವಾದ 400 ಅಥವಾ 450 ಇದ್ರೆ ಧಾರಾಳ. ದೊಡ್ಡದು ಹಾಕಿದ್ರೆ ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅನ್ನೋ ಭಯ ತುಂಬ ಜನಕ್ಕಿದೆ. ಕಂಪ್ಯೂಟರ್ ಎಷ್ಟು ಕೇಳುತ್ತೋ ಅಷ್ಟನ್ನೇ ಎಸ್‌ಎಂಪಿಎಸ್ ಕೊಡೋದು; 750 ಹಾಕಿದ್ರೂ 150 ಕೇಳಿದ್ರೆ 150ನ್ನೇ ಕೊಡುತ್ತೆ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಪೆಟ್ಟಿಗೆ ಮೇಲೆ ಇರುತ್ತಲ್ಲ, ಅದು ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ಮುಟ್ಟುತ್ತೆ ಅನ್ನೋ ಅಳತೆ. 300 ವ್ಯಾಟ್ ಲೋಡಿಗೆ 85 ಶೇಕಡಾದ್ದು ಗೋಡೆಯಿಂದ 353 ಎಳೆದ್ರೆ, 90 ಶೇಕಡಾದ್ದು 333 ಎಳೆಯುತ್ತೆ. ದಿನಕ್ಕೆ ನಾಲ್ಕು ಗಂಟೆ ಆಡಿದ್ರೂ ತಿಂಗಳಿಗೆ ಉಳಿಯೋದು ಎರಡೂವರೆ ಯೂನಿಟ್ ಆಸುಪಾಸು. ಬಿಲ್ ಉಳಿಸೋಕೆ ಅಂತಲೇ ಗೋಲ್ಡ್‌ಗೆ ಹೆಚ್ಚು ಹಣ ಸುರಿಯೋದು ನಮ್ಮ ಲೆಕ್ಕದಲ್ಲಿ ಬೇಡ. ಆ ಹಣಕ್ಕೆ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ವಾರಂಟಿ, 105 ಡಿಗ್ರಿ ತಾಳೋ ಕೆಪಾಸಿಟರ್, ಮತ್ತೆ ಓವರ್ ವೋಲ್ಟೇಜ್, ಓವರ್ ಪವರ್, ಶಾರ್ಟ್ ಸರ್ಕ್ಯೂಟ್, ಹೆಚ್ಚು ಬಿಸಿ, ಈ ನಾಲ್ಕಕ್ಕೂ ರಕ್ಷಣೆ ಇದೆಯಾ ಅಂತ ನೋಡಿ. ಕೆಟ್ಟ ಎಸ್‌ಎಂಪಿಎಸ್ ಒಂಟಿಯಾಗಿ ಸಾಯಲ್ಲ, ಬೋರ್ಡ್, ಡಿಸ್ಕ್ ಎಲ್ಲಾ ಎಳ್ಕೊಂಡು ಹೋಗುತ್ತೆ. ಡಿಸ್ಕ್‌ನಲ್ಲಿ ಮನೆಯವರ ಫೋಟೋಗಳಿರುತ್ತವೆ ಅನ್ನೋದನ್ನ ಅಂಗಡಿಯಲ್ಲಿ ನಿಂತಾಗ ನೆನಪಿಟ್ಕೊಳ್ಳಿ.

[ಕ್ಲೋಸಪ್: ಹಗುರವಾದ ಎಸ್‌ಎಂಪಿಎಸ್‌ನ ಹಿಂಬದಿ. ಕೆಂಪು ಸ್ಲೈಡ್ ಸ್ವಿಚ್, ಅದರ ಮೇಲೆ 115 / 230.]

ಹಿಂದೆ ಈ ಕೆಂಪು ಸ್ವಿಚ್ ಕಂಡ್ರೆ ಒಳಗೆ ಆಕ್ಟಿವ್ ಪಿಎಫ್‌ಸಿ (ಗೋಡೆಯ ಕರೆಂಟನ್ನ ಏರುಪೇರಿಲ್ಲದೆ ಎಳೆಯೋ ಸರ್ಕ್ಯೂಟ್) ಇಲ್ಲ, ವಿನ್ಯಾಸ ಹಳೆಯದು ಅಂತ ಅರ್ಥ. ಮಕ್ಕಳ ಕೈಗೆ ಸಿಕ್ಕಿ ಇದು 115ಕ್ಕೆ ಸರಿದಿದ್ದಾಗ ನಮ್ಮ 230 ವೋಲ್ಟ್ ಕೊಟ್ರೆ ಪಟಾಕಿ ಥರ ಸಿಡಿಯುತ್ತೆ.

ಈಗ ಕನೆಕ್ಟರ್. ಇಲ್ಲಿ ನಿಧಾನವಾಗಿ ಹೋಗೋಣ, ಹಣ ದಂಡ ಆಗೋದು ಇಲ್ಲೇ.

[ದೃಶ್ಯ: ಕೇಬಲ್‌ಗಳು ಒಂದೊಂದಾಗಿ.]

ಬೋರ್ಡ್‌ಗೆ 24 ಪಿನ್. ಪ್ರೊಸೆಸರ್‌ಗೆ 4+4 ಪಿನ್. ಗ್ರಾಫಿಕ್ಸ್ ಕಾರ್ಡ್‌ಗೆ 6+2 ಪಿನ್. ಪ್ರೊಸೆಸರಿನ ಎಂಟು, ಕಾರ್ಡಿನ ಎಂಟು ನೋಡೋಕೆ ಒಂದೇ ಥರ. ಆದ್ರೆ ಹಳದಿ, ಕಪ್ಪು ವೈರ್‌ಗಳ ಜಾಗ ಅದಲುಬದಲು. ಬಲವಂತ ಮಾಡಿ ತುರುಕಿದ್ರೆ ನೇರ ಶಾರ್ಟ್. ಕಾರ್ಡ್‌ಗೆ ಬೋರ್ಡಿನ ಸ್ಲಾಟಿಂದ ಸಿಗೋದು 75 ವ್ಯಾಟ್, 6 ಪಿನ್ನಿಂದ ಇನ್ನೊಂದು 75, 8 ಪಿನ್ನಿಂದ 150. ನಿಮ್ಮ ಕಾರ್ಡ್‌ಗೆ 8 ಪಿನ್ ಬೇಕಿದ್ದು ಎಸ್‌ಎಂಪಿಎಸ್‌ನಲ್ಲಿ ಅದು ಇಲ್ಲ ಅಂದ್ರೆ, ಮೊಲೆಕ್ಸಿಂದ 8 ಪಿನ್ ಮಾಡೋ ಕನ್ವರ್ಟರ್ ತರಬೇಡಿ. ತಯಾರಕರು ಆ ಕೇಬಲ್ ಕೊಟ್ಟಿಲ್ಲ ಅಂದ್ರೆ ಅಷ್ಟು ಲೋಡ್ ಅದು ಹೊರಲ್ಲ ಅಂತಲೇ ಅರ್ಥ. ಮೊಲೆಕ್ಸಿಂದ ಸಾಟಾ (ಡಿಸ್ಕ್‌ಗೆ ಹೋಗೋ ಕನೆಕ್ಟರ್) ಮಾಡೋ, ಪ್ಲಾಸ್ಟಿಕ್ ಅಚ್ಚಿನಲ್ಲಿ ಮುಚ್ಚಿರೋ ಅಗ್ಗದ ಕೇಬಲ್‌ಗಳೂ ಬೇಡ. ಒಳಗೆ ವೈರ್‌ಗಳು ಒಂದಕ್ಕೊಂದು ತಾಗಿ ಕರಗಿ ಬೆಂಕಿ ಹತ್ತಬಹುದು.

ಮಾಡ್ಯುಲರ್, ಅಂದ್ರೆ ಕೇಬಲ್ ಬಿಡಿಸಿ ಹಾಕಬಹುದಾದ ಎಸ್‌ಎಂಪಿಎಸ್ ತಗೊಂಡೋರು ಇದನ್ನ ಎರಡು ಸಲ ಕೇಳಿ: ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಹೊಸದಕ್ಕೆ ಸಿಕ್ಕಿಸಲೇಬೇಡಿ. ಬೋರ್ಡ್ ಕಡೆಯ ತುದಿಗೆ ಎಲ್ಲರೂ ಒಪ್ಪಿದ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಬೇರೆ ಇರಬಹುದು. ಕೇಬಲ್ ಸಲೀಸಾಗಿ ಕೂರುತ್ತೆ, ಆಮೇಲೆ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ ಡಿಸ್ಕ್ ಆ ಕ್ಷಣವೇ ಸುಟ್ಟುಹೋಗುತ್ತೆ. ಕ್ಯಾಬಿನೆಟ್ ಒಳಗೆ ಹಳೆ ಕೇಬಲ್ ಚೆನ್ನಾಗಿ ಕಟ್ಟಿಟ್ಟಿದೆ, ಹಾಗೇ ಇರಲಿ ಅನ್ನಿಸುತ್ತೆ. ಬೇಡ, ಎಲ್ಲಾ ಎಳೆದು ಹೊರಗೆ ಹಾಕಿ.

ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಸಿಗೋ ರಿಫರ್ಬಿಶ್ಡ್ ಆಫೀಸ್ ಕಂಪ್ಯೂಟರ್ ನಿಮ್ಮದಾಗಿದ್ರೆ ಕಥೆ ಬೇರೆ. ಡೆಲ್ ಆಪ್ಟಿಪ್ಲೆಕ್ಸ್ 3020, 7020, 9020ಗಳಲ್ಲಿ ಬೋರ್ಡಿನ ಮುಖ್ಯ ಸಾಕೆಟ್ 8 ಪಿನ್ನಿಂದು. ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ1ರಲ್ಲಿ 6 ಪಿನ್, ಲೆನೊವೊ ಥಿಂಕ್‌ಸೆಂಟರ್ ಎಂ93ಪಿಯಲ್ಲಿ 14 ಪಿನ್. ಅಂಗಡಿಯ ಮಾಮೂಲಿ 24 ಪಿನ್ ಇವಕ್ಕೆ ಕೂರಲ್ಲ. ಹಳೆಯದರ ಲೇಬಲ್ ಮೇಲಿನ ಪಾರ್ಟ್ ನಂಬರ್ ಕೊಟ್ಟು ಅದೇ ಎಸ್‌ಎಂಪಿಎಸ್ ಹುಡುಕೋದು ನೇರ ದಾರಿ. ಕನ್ವರ್ಟರ್ ಕೇಬಲ್ ಹಾಕೋದಾದ್ರೆ ನಿಮ್ಮ ಮಾಡೆಲ್‌ಗೇ ಅಂತ ಹೇಳಿರೋದನ್ನೇ ತಗೊಳ್ಳಿ. ಇಂಥ ಕೆಲವು ಬೋರ್ಡ್‌ಗಳು ಸ್ಟ್ಯಾಂಡ್‌ಬೈನಲ್ಲೂ 12 ವೋಲ್ಟ್ ಕೇಳ್ತವೆ, ಮಾಮೂಲಿ ನೇರಳೆ ವೈರ್ ಕೊಡೋದು 5. ಅಂಥದ್ದಕ್ಕೆ ಕನ್ವರ್ಟರ್‌ನಲ್ಲಿ ವೋಲ್ಟೇಜ್ ಏರಿಸೋ ಪುಟ್ಟ ಸರ್ಕ್ಯೂಟ್ ಬೇಕಾಗುತ್ತೆ.

ಅಳತೆ: ಎಟಿಎಕ್ಸ್ ಅನ್ನೋ ಮಾಮೂಲಿ ಗಾತ್ರದ್ದಾದ್ರೆ ಅಗಲ 150, ಎತ್ತರ 86 ಮಿಲಿಮೀಟರ್, ಉದ್ದ 140ರಿಂದ ಶುರು, ಹೆಚ್ಚೂ ಇರಬಹುದು. ಸಣ್ಣ ಕ್ಯಾಬಿನೆಟ್ ಆದ್ರೆ ಟೇಪ್ ಹಿಡಿದು ಅಳೆದ ಮೇಲೇ ಆರ್ಡರ್ ಮಾಡಿ.

ಕರೆಂಟ್ ಪದೇಪದೇ ಹೋಗೋ ಊರಲ್ಲಿದ್ರೆ ಯುಪಿಎಸ್ ಲೆಕ್ಕವೂ ಸೇರಿಸ್ಕೊಳ್ಳಿ. 600 ವಿಎ ಅಂತ ಬರೆದಿರೋ ಯುಪಿಎಸ್ ಸಾಮಾನ್ಯವಾಗಿ ಕೊಡೋದು 360 ವ್ಯಾಟ್. ಮೇಲೆ ಹೇಳಿದ ಗೇಮಿಂಗ್ ಸಿಸ್ಟಂ, ಮಾನಿಟರ್ ಎರಡೂ ಸೇರಿದ್ರೆ ಅದು ಕೂಗಿಕೊಂಡು ಕೈಬಿಡುತ್ತೆ. 1000 ವಿಎ ಬೇಕು. ಮನೆಯ ಇನ್ವರ್ಟರ್ ಮೇಲೆ ಓಡಿಸೋರು ಅದರ ಹಿಂದಿನ ಸ್ವಿಚ್‌ನ ಯುಪಿಎಸ್ ಮೋಡ್‌ಗೆ ಹಾಕಿ. ಒಳ್ಳೆ ಎಸ್‌ಎಂಪಿಎಸ್ ಕೂಡ ಕರೆಂಟ್ ಇಲ್ಲದೆ ಪೂರ್ತಿ ಲೋಡಿನಲ್ಲಿ ತಡೆಯೋದು 16, 17 ಮಿಲಿಸೆಕೆಂಡ್ ಮಾತ್ರ, ಇನ್ನೊಂದು ಮೋಡ್‌ನಲ್ಲಿ ಇನ್ವರ್ಟರ್ ಅದಕ್ಕಿಂತ ತಡವಾಗಿ ಬದಲಾಗುತ್ತೆ.

[ಕ್ಲೋಸಪ್: ಮೂರು ಪಿನ್ನಿನ ಸಾಕೆಟ್, ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿ.]

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಬದಲಿಸೋಕೆ ಹೋಗಬೇಡಿ, ಹೊಸದರಲ್ಲೂ ಅದೇ ಆಗುತ್ತೆ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್, ನ್ಯೂಟ್ರಲ್ ಎರಡರಿಂದಲೂ ಲೋಹದ ಡಬ್ಬಕ್ಕೆ ಜೋಡಿಸಿರುತ್ತವೆ. ಅರ್ಥಿಂಗ್ ಇಲ್ಲದಿದ್ರೆ ಡಬ್ಬದ ಮೇಲೆ ಸುಮಾರು 115 ವೋಲ್ಟ್ ತೇಲುತ್ತೆ. ಫೇಸ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ರೆ 230ರ ಹತ್ತಿರ ಬರಬೇಕು. ಬರ್ತಿಲ್ಲ ಅಂದ್ರೆ ಎಲೆಕ್ಟ್ರಿಷಿಯನ್ ಕರೆಸಿ, ಹೊಸ ಎಸ್‌ಎಂಪಿಎಸ್ ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇರಲಿ.

ಕೊನೆಗೆ ಜೋಡಣೆ. ಬಿಚ್ಚೋ ಮುಂಚೆ ಫೋನಲ್ಲಿ ಪ್ರತಿ ಕನೆಕ್ಟರ್‌ನ ಫೋಟೋ ತೆಗೆದಿಡಿ. ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯುತ್ತೆ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚುವಾಗ ಎಸ್‌ಎಂಪಿಎಸ್ ಮೇಲಿದ್ರೆ ಕೆಳಗೆ ಕೈ ಕೊಟ್ಟಿರಿ, ಜಾರಿದ್ರೆ ಪ್ರೊಸೆಸರ್ ಕೂಲರ್ ಮೇಲೇ ಬೀಳುತ್ತೆ. ಕ್ಯಾಬಿನೆಟ್ ತಳದಲ್ಲಿ ಜಾಲರಿ ಇದ್ರೆ ಹೊಸದರ ಫ್ಯಾನ್ ಕೆಳಮುಖ ಇರಲಿ. ಜಾಲರಿ ಇಲ್ಲ ಅಂದ್ರೆ ಮೇಲ್ಮುಖ. 24 ಪಿನ್ ಒತ್ತುವಾಗ ಕೊಕ್ಕೆ ಟಕ್ ಅನ್ನೋ ತನಕ ಒತ್ತಿ.

ಆನ್ ಮಾಡಿದಾಗ ಫ್ಯಾನ್ ಒಮ್ಮೆ ಅಲುಗಿ ನಿಂತುಹೋದ್ರೆ ಗಾಬರಿ ಬೇಡ. ಎಲ್ಲೋ ಶಾರ್ಟ್ ಕಂಡು ಎಸ್‌ಎಂಪಿಎಸ್ ತಾನೇ ಆಫ್ ಆಗಿರುತ್ತೆ. ಮತ್ತೆ ಮತ್ತೆ ಬಟನ್ ಒತ್ತದೆ ಪ್ಲಗ್ ಕಿತ್ತು, ಮೊದಲು ಪ್ರೊಸೆಸರಿನ 4+4 ಸಾಕೆಟ್‌ಗೆ ಕಾರ್ಡಿನ ಕೇಬಲ್ ಹಾಕಿದ್ದೀರಾ ಅಂತ ನೋಡಿ.